ಎರಡು ಓವರಿನ ಹುಡುಗ

ಏಣೆಲಿನ ಕೊಯ್ಲು ಮುಗಿದು ಮಕರ ಸಂಕ್ರಮಣವೂ ಕಳೆಯಿತೆಂದರೆ ನಮ್ಮ ಪಂಜ ಸೀಮೆಯ ರಾತ್ರಿಗಳು ಎರಡು ಬಗೆಯ ಬೆಳಕಿನಿಂದ ಬೆಳಗತೊಡಗುತ್ತವೆ. ಒಂದು, ಯಕ್ಷಗಾನದ ರಂಗಸ್ಥಳದ ಬೆಳಕು. ಇನ್ನೊಂದು, ಕ್ರಿಕೆಟ್ಟಿನ ಬಯಲಿನ ಬೆಳಕು. ಮೊದಲನೆಯದು ನನಗೆ ಬಾಲ್ಯದಿಂದಲೂ ಪರಿಚಿತ. ಕನ್ನಡ ಪಾಠ ಹೇಳುವ ವೃತ್ತಿಯವನಾದುದರಿಂದ ತಾಳಮದ್ದಳೆಯ ಕರೆಯೂ ಆಗಾಗ ಬರುವುದುಂಟು. ಎರಡನೆಯದರ ಬಳಿಗೆ ನನ್ನನ್ನು ಕರೆದೊಯ್ದವನು ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ಸಂಧಿ ಸಮಾಸಗಳ ಗಂಟೆಯಲ್ಲಿ ತೂಕಡಿಸುತ್ತಿದ್ದ ಒಬ್ಬ ಹುಡುಗ. ತೂಕಡಿಕೆಗೆ ಕಾರಣವೇನೆಂದು ಗದರಿಸಿ ಕೇಳಿದಾಗ, "ರಾತ್ರಿ ಪಂದ್ಯಾಟ ಇತ್ತು ಸರ್" ಎಂದು ತಲೆ ತಗ್ಗಿಸಿದ. ಆ ಪಂದ್ಯಾಟವೆಂಬುದು ಎಂಥದೆಂದು ನೋಡಿಯೇ ಬಿಡೋಣವೆಂದು ಒಂದು ಶನಿವಾರ ಹೊರಟೆ.

ಗದ್ದೆಗಳೆಲ್ಲ ಅಡಕೆ ತೋಟಗಳಾದ ಮೇಲೆ ನಮ್ಮ ಕಡೆ ಸಮತಟ್ಟಾದ ನೆಲ ಉಳಿದಿರುವುದೇ ಅಪರೂಪ. ಉಳಿದ ಒಂದು ಬಯಲಿನ ಸುತ್ತ ಕಂಬ ನೆಟ್ಟು ದೀಪ ಕಟ್ಟಿದ್ದರು. ಧ್ವನಿವರ್ಧಕದಲ್ಲಿ ಒಬ್ಬಾತ ತುಳು ಕನ್ನಡಗಳನ್ನು ಬೆರೆಸಿ, ಕರ್ಣಾರ್ಜುನರ ಕಾಳಗವನ್ನೇ ಬಣ್ಣಿಸುವವನಂತೆ ವೀಕ್ಷಕ ವಿವರಣೆ ನೀಡುತ್ತಿದ್ದ. ಒಂದು ಮೂಲೆಯಲ್ಲಿ ಚರುಮುರಿ, ಇನ್ನೊಂದರಲ್ಲಿ ಗೋಳಿಬಜೆ. ಹಳದಿ ಬಣ್ಣದ ಟೆನ್ನಿಸ್ ಚೆಂಡು. ಪಂದ್ಯವೊಂದಕ್ಕೆ ಆರೇ ಓವರು. ಒಬ್ಬನಿಗೆ ಎರಡಕ್ಕಿಂತ ಹೆಚ್ಚು ಓವರು ಇಲ್ಲ. ನಮ್ಮ ಹುಡುಗ ಓಡಿ ಬಂದ. ಎಳೆಯ ಅಡಕೆ ಮರದಂತೆ ನೀಳವಾದ ಮೈ. ಕೈ ಮೇಲೆದ್ದು ಇಳಿದುದಷ್ಟೇ ಕಂಡಿತು. ಹಿಂದಿನ ಗೂಟ ನೆಲದಿಂದ ಕಿತ್ತು ಬಿದ್ದಿತ್ತು. ಹನ್ನೆರಡು ಚೆಂಡುಗಳಲ್ಲಿ ಮೂವರನ್ನು ಕಳಿಸಿದ. ಜನ ಕೇಕೆ ಹಾಕಿದರು. ಆತ ಬದಿಗೆ ಬಂದು ನಿಂತ. ಅರ್ಧ ಗಂಟೆಯ ಬಳಿಕ ಮತ್ತೊಂದು ಪಂದ್ಯ, ಮತ್ತೆ ಹನ್ನೆರಡು ಚೆಂಡು. ಬೆಳಗಿನ ಮೂರು ಗಂಟೆಗೆ ಅಂತಿಮ ಪಂದ್ಯ ಮುಗಿದಾಗ ಅವನ ಕೈಯಲ್ಲಿ ಒಂದು ಪಾರಿತೋಷಕವೂ ಜೇಬಿನಲ್ಲಿ ಸ್ವಲ್ಪ ಹಣವೂ ಇದ್ದವು. ಆ ಹಣದಲ್ಲಿಯೇ ಅವನ ಬಸ್ಸಿನ ಖರ್ಚು, ಪುಸ್ತಕದ ಖರ್ಚು ನಡೆಯುತ್ತಿತ್ತೆಂದು ನನಗೆ ತಿಳಿದುದು ಆ ಮೇಲೆ.

ಅವನ ಕೀರ್ತಿ ಹಬ್ಬಿತು. ಯಾರೋ ಹಿತೈಷಿಗಳು ಪಟ್ಟಣದಲ್ಲಿ ನಡೆಯುವ ಆಯ್ಕೆಗೆ ಅವನನ್ನು ಕಳಿಸಿದರು. ಅಲ್ಲಿ ಚರ್ಮದ ಚೆಂಡು. ಸಾಮಾನ್ಯ ಟೆನ್ನಿಸ್ ಚೆಂಡಿನ ತೂಕ 58 ಗ್ರಾಮಿನ ಆಸುಪಾಸಿನಲ್ಲಿದ್ದರೆ ಕ್ರಿಕೆಟ್ ಚೆಂಡಿನದು ಸುಮಾರು 160 ಗ್ರಾಮು. ಮೊದಲ ಎರಡು ಓವರುಗಳನ್ನು ಕಂಡವರು ಹುಬ್ಬೇರಿಸಿದರು. ಮೂರನೆಯದರಲ್ಲಿ ಉಸಿರು ಕಟ್ಟಿತು. ನಾಲ್ಕನೆಯದರಲ್ಲಿ ಚೆಂಡು ಎತ್ತಲೆತ್ತಲೋ ಹೋಯಿತು. ಐದನೆಯದನ್ನು ಹಟದಿಂದ ಮುಗಿಸಿದ. ಪಟ್ಟಿ ಬರೆಯುತ್ತಿದ್ದ ಹಿರಿಯರೊಬ್ಬರು ತಲೆ ಎತ್ತದೆಯೇ, "ಎರಡು ಓವರಿನ ಹುಡುಗ" ಎಂದು ಗೆರೆ ಎಳೆದರಂತೆ. ಮರುದಿನ ಬೆಳಗ್ಗೆ ಅವನಿಗೆ ಬೆನ್ನು ಬಗ್ಗಿಸಲಾಗಲಿಲ್ಲ.

ಈ ಹುಡುಗನ ದೆಸೆಯಿಂದ ಒಂದು ಪ್ರಶ್ನೆ ನನ್ನ ಬೆನ್ನು ಹತ್ತಿತು. ಎಳೆಯ ಬೌಲರನನ್ನು ಮೊದಲಿನಿಂದಲೂ ದೀರ್ಘ ಕಾಲ ಚೆಂಡೆಸೆಯುವವನಾಗಿ ಬೆಳೆಸಬೇಕೋ, ಅಥವಾ ಇಪ್ಪತ್ತು ಓವರಿನ ಆಟದ ಈ ಯುಗದಲ್ಲಿ ನಾಲ್ಕೇ ಓವರುಗಳ ಶೂರನಾಗಿ ಬೆಳೆಸಿದರೆ ಸಾಕೋ? ಆಟದ ವಿಷಯದಲ್ಲಿ ನಾನು ಪಂಡಿತನಲ್ಲ. ಆದರೂ ನಮ್ಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರನ್ನು ಕಾಡಿ, ಓದಿ, ಕೇಳಿ ಸಂಗ್ರಹಿಸಿದುದನ್ನು ವಾಚಕರ ಮುಂದಿಡುತ್ತಿದ್ದೇನೆ. ಮಕ್ಕಳನ್ನು ಬೇಸಿಗೆಯ ಶಿಬಿರಗಳಿಗೆ ಸೇರಿಸುವ ತಂದೆತಾಯಿಗಳಿಗೆ ಇದರಿಂದ ಉಪಯೋಗವಾದೀತು.

ಅಮೆರಿಕನ್ನರ ಅನುಭವ

ಈ ಪ್ರಶ್ನೆಯನ್ನು ನಮಗಿಂತ ಬಹಳ ಮೊದಲೇ ಎದುರಿಸಿದವರು ಅಮೆರಿಕನ್ನರು. ಅವರ ಬೇಸ್‌ಬಾಲ್ ಆಟದಲ್ಲಿ ಚೆಂಡೆಸೆಯುವವನನ್ನು ಪಿಚರ್ ಎನ್ನುತ್ತಾರೆ. ಆತ ಓಡಿ ಬರುವುದಿಲ್ಲ; ಒಂದು ಸಣ್ಣ ದಿಬ್ಬದ ಮೇಲೆ ನಿಂತು ಅರುವತ್ತು ಅಡಿ ಆರು ಅಂಗುಲ ದೂರಕ್ಕೆ, ನೆಲಕ್ಕೆ ತಾಗದಂತೆ ಎಸೆಯುತ್ತಾನೆ. ಇವರಲ್ಲಿ ಎರಡು ವರ್ಗಗಳುಂಟು. ಪಂದ್ಯವನ್ನು ಆರಂಭಿಸುವವನು ಒಬ್ಬ. ಅವನು ದಣಿದ ಮೇಲೆ ಬಂದು ಉಳಿದುದನ್ನು ನಿರ್ವಹಿಸುವವನು ಇನ್ನೊಬ್ಬ. ಆರಂಭಿಗನು ಒಂಬತ್ತು ಸರದಿಗಳ ಆಟದಲ್ಲಿ ಐದಾರು ಸರದಿಗಳವರೆಗೆ ತೊಂಬತ್ತು ನೂರು ಚೆಂಡುಗಳನ್ನೆಸೆದು, ಮುಂದಿನ ನಾಲ್ಕೈದು ದಿನ ವಿಶ್ರಮಿಸುತ್ತಾನೆ. ನೆರವಿಗನು ಒಂದು ಸರದಿಯಲ್ಲಿ ಹದಿನೈದಿಪ್ಪತ್ತು ಚೆಂಡುಗಳನ್ನು ಮೈಯ ಬಲವನ್ನೆಲ್ಲ ಸುರಿದು ಎಸೆಯುತ್ತಾನೆ, ಮರುದಿನವೂ ಬರಬಲ್ಲ. ಒಂದೇ ಸಂಜೆ ಅದೇ ದಾಂಡಿಗನು ಆರಂಭಿಗನನ್ನು ಮೂರು ಸಲ ಎದುರಿಸುವುದರಿಂದ ಆರಂಭಿಗನ ಬತ್ತಳಿಕೆಯಲ್ಲಿ ಮೂರು ನಾಲ್ಕು ಬಗೆಯ ಬಾಣಗಳಿರಬೇಕು. ನೆರವಿಗನಿಗೆ ಎರಡು ಸಾಕು, ಕೆಲವೊಮ್ಮೆ ಒಂದೇ ಸಾಕು.

ಒಂದೇ ಸಾಕೆಂಬುದಕ್ಕೆ ನಿದರ್ಶನ ಮರಿಯಾನೊ ರಿವೇರಾ. ಪನಾಮಾ ದೇಶದ ಮೀನುಗಾರರ ಊರಿನಿಂದ ಬಂದ ಈತ 1995ರಲ್ಲಿ ನ್ಯೂಯಾರ್ಕಿನ ಯಾಂಕೀಸ್ ತಂಡಕ್ಕೆ ಹತ್ತು ಪಂದ್ಯಗಳಲ್ಲಿ ಆರಂಭಿಗನಾಗಿ ಆಡಿ ಸಾಧಾರಣನೆನಿಸಿದ. ಮರುವರ್ಷ ನೆರವಿಗನಾದ. ಕೊನೆಯ ಗಳಿಗೆಯಲ್ಲಿ ಕತ್ತರಿಸಿದಂತೆ ಬದಿಗೆ ಸರಿಯುವ ಒಂದೇ ಬಗೆಯ ಎಸೆತವನ್ನು ನೆಚ್ಚಿ, 652 ಪಂದ್ಯಗಳನ್ನು ತಂಡದ ಪಾಲಿಗೆ ಉಳಿಸಿಕೊಟ್ಟ. 2019ರಲ್ಲಿ ಅವನಿಗೆ ಕೀರ್ತಿಮಂದಿರದಲ್ಲಿ ಸ್ಥಾನ ಕೊಡುವಾಗ ಮತದಾರರಲ್ಲಿ ಒಬ್ಬರೂ ಬೇಡವೆನ್ನಲಿಲ್ಲ. ಆ ಗೌರವ ಅದುವರೆಗೆ ಯಾರಿಗೂ ದೊರೆತಿರಲಿಲ್ಲ.

ಹಾಗಾದರೆ ಎಲ್ಲ ಹುಡುಗರನ್ನೂ ನೆರವಿಗರನ್ನಾಗಿಯೇ ಮಾಡಬಾರದೇಕೆ? ಬಾಲ್ಟಿಮೋರಿನ ತಂಡವನ್ನು ಬಹುಕಾಲ ನಡೆಸಿದ ಅರ್ಲ್ ವೀವರ್ ಎಂಬ ವ್ಯವಸ್ಥಾಪಕ ಇದಕ್ಕೊಂದು ಮಧ್ಯಮಾರ್ಗ ಕಂಡುಕೊಂಡಿದ್ದ. ಹೊಸಬನನ್ನು ಮೊದಲ ವರ್ಷ ನೆರವಿಗನಾಗಿ, ಅದೂ ಎರಡು ಮೂರು ಸರದಿ ಎಸೆಯುವ ದೀರ್ಘ ನೆರವಿಗನಾಗಿ, ಪಳಗಿಸಿ ಆ ಮೇಲೆ ಆರಂಭಿಗನ ಪೀಠಕ್ಕೆ ಏರಿಸುವುದು ಅವನ ಪದ್ಧತಿ. ಕ್ರಿಸ್ ಸೇಲ್ ಎಂಬಾತ ಷಿಕಾಗೊ ತಂಡದಲ್ಲಿ 2010 ಮತ್ತು 2011ರಲ್ಲಿ ನೆರವಿಗನಾಗಿದ್ದು 2012ರಲ್ಲಿ ಆರಂಭಿಗನಾದ. 2024ರಲ್ಲಿಯೂ, ಮೂವತ್ತೈದು ವಯಸ್ಸಿನಲ್ಲಿ, ಅಟ್ಲಾಂಟಾ ತಂಡದವನಾಗಿ ಆ ವರ್ಷದ ಶ್ರೇಷ್ಠ ಪಿಚರನ ಪ್ರಶಸ್ತಿ ಗೆದ್ದ. ಆದರೆ ಇದೇ ದಾರಿ ಎಲ್ಲರಿಗೂ ಸುಖಕರವಾಗಲಿಲ್ಲ. 2007ರಲ್ಲಿ ಯಾಂಕೀಸ್ ತಂಡಕ್ಕೆ ಬಂದ ಜೋಬಾ ಚೇಂಬರ್ಲಿನ್ನನಿಗೆ ಇಷ್ಟೇ ಎಸೆಯಬೇಕು, ಇಂಥ ದಿನ ಎಸೆಯಬಾರದು ಎಂದು ಕಟ್ಟುನಿಟ್ಟಿನ ಶಾಸನಗಳನ್ನೇ ಮಾಡಿದ್ದರು. ನೆರವಿಗನಿಂದ ಆರಂಭಿಗನಿಗೆ, ಆರಂಭಿಗನಿಂದ ಮತ್ತೆ ನೆರವಿಗನಿಗೆ ಅವನನ್ನು ತೂಗುಯ್ಯಾಲೆಯಾಡಿಸಿದರು. 2008ರಲ್ಲಿ ಭುಜ ಕೆಟ್ಟಿತು. 2011ರಲ್ಲಿ ಮೊಣಕೈಗೆ ಶಸ್ತ್ರಚಿಕಿತ್ಸೆಯಾಯಿತು.

ಆ ಶಸ್ತ್ರಚಿಕಿತ್ಸೆಗೆ ಒಬ್ಬ ಆಟಗಾರನ ಹೆಸರೇ ನಿಂತಿದೆ. 1974ರಲ್ಲಿ ಟಾಮಿ ಜಾನ್ ಎಂಬವನ ಹರಿದ ಮೊಣಕೈ ಬಂಧಕ್ಕೆ ಡಾಕ್ಟರ್ ಫ್ರಾಂಕ್ ಜೋಬ್ ಅವರು ಅವನ ಇನ್ನೊಂದು ಮುಂಗೈಯ ಸ್ನಾಯುರಜ್ಜುವನ್ನು ತೆಗೆದು ಹೊಲಿದರು. ಆತ 1976ರಲ್ಲಿ ಮತ್ತೆ ಕಣಕ್ಕಿಳಿದು 1989ರವರೆಗೂ ಆಡಿದ. ಈಚೆಗೆ ಈ ಚಿಕಿತ್ಸೆಗೆ ಹದಿಹರೆಯದ ಬಾಲಕರೇ ಸಾಲುಗಟ್ಟಿ ಬರತೊಡಗಿದುದನ್ನು ಕಂಡು ಬೆಚ್ಚಿದ ಅಮೆರಿಕನ್ನರು 2014ರಲ್ಲಿ ವಯಸ್ಸಿಗೆ ತಕ್ಕಂತೆ ಚೆಂಡುಗಳ ಮಿತಿಯನ್ನು ಪ್ರಕಟಿಸಿದರು. ಹದಿನೈದು ಹದಿನಾರರ ಬಾಲಕ ದಿನಕ್ಕೆ 95 ಚೆಂಡುಗಳನ್ನು ಮೀರುವಂತಿಲ್ಲ. 76ನ್ನು ಮುಟ್ಟಿದರೆ ನಾಲ್ಕು ದಿನ ವಿಶ್ರಾಂತಿ ಕಡ್ಡಾಯ.

ಸಂಗೀತಗಾರನೂ ಭಾಗವತರೂ

ಇದನ್ನೆಲ್ಲ ಓದುತ್ತಿದ್ದಾಗ ನನಗೆ ನಗು ಬಂತು. ಅರ್ಲ್ ವೀವರನ ಉಪಾಯ ನಮ್ಮ ಯಕ್ಷಗಾನ ಮೇಳಗಳಿಗೆ ಹೊಸತೇ? ತೆಂಕುತಿಟ್ಟಿನಲ್ಲಿ ಚೌಕಿಪೂಜೆಯಾದ ಬಳಿಕ ಪೂರ್ವರಂಗಕ್ಕೆ ಹಾಡುವವನು ಎಳೆಯ ಸಂಗೀತಗಾರ. ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಇವುಗಳನ್ನು ಕುಣಿಸಿ ಕುಣಿಸಿಯೇ ಅವನ ತಾಳ ಗಟ್ಟಿಯಾಗಬೇಕು. ಪ್ರಸಂಗ ಆರಂಭವಾದ ಮೇಲೂ ಮೊದಲ ಭಾಗಕ್ಕೆ ಕಿರಿಯ ಭಾಗವತ. ಮುಖ್ಯ ಭಾಗವತರು ಜಾಗಟೆ ಹಿಡಿಯುವುದು ಮಧ್ಯರಾತ್ರಿಗೆ. ಬೆಳಗಿನವರೆಗೆ ಒಂದೇ ಶ್ರುತಿಯಲ್ಲಿ ಆಟವನ್ನು ಎತ್ತಿ ಹಿಡಿಯುವ ಭಾರ ಅವರದು. ವೇಷಧಾರಿಯೂ ಅಷ್ಟೇ: ಕೋಡಂಗಿಯಾಗಿ ಕುಣಿಯದವನು ಇಂದ್ರಜಿತುವಾಗಿ ನಿಲ್ಲಲಾರ. ಹದಿನೆಂಟರ ಹುಡುಗನಿಗೆ ಯಾವ ಮೇಳದ ಯಜಮಾನರೂ ಇಡೀ ರಾತ್ರಿಯನ್ನು ಒಪ್ಪಿಸುತ್ತಿರಲಿಲ್ಲ. ಹಾಗೆಂದು ಅವನನ್ನು ಎಂದೆಂದಿಗೂ ಪೂರ್ವರಂಗದಲ್ಲಿಯೇ ಕೂರಿಸುತ್ತಲೂ ಇರಲಿಲ್ಲ. ಈಗ ಹಲವು ಮೇಳಗಳು ಕಾಲಮಿತಿಯ ಪ್ರದರ್ಶನಕ್ಕೆ ಬಂದಿವೆ. ನಡುರಾತ್ರಿಗೆ ಮಂಗಳ. ಬೆಳಗಿನ ಜಾವದ ರಾಗಗಳನ್ನು ರಂಗದ ಮೇಲೆ ಹಾಡಿ ತಿಳಿದ ಎಳೆಯರು ಎಷ್ಟು ಮಂದಿ ಉಳಿದಾರೆಂದು ಹಿರಿಯ ಹಿಮ್ಮೇಳದವರು ಪೇಚಾಡುವುದನ್ನು ನಾನೇ ಕೇಳಿದ್ದೇನೆ. ಇಪ್ಪತ್ತು ಓವರಿನ ಕ್ರಿಕೆಟ್ಟಿನ ಬಗೆಗೆ ಹಿರಿಯ ಆಟಗಾರರ ಪೇಚಾಟವೂ ಇದೇ ಧಾಟಿಯದು.

ಬೆನ್ನೆಲುಬಿನ ಲೆಕ್ಕ

ಪಿಚರನಿಗೆ ಮೊಣಕೈ ಹೇಗೋ ವೇಗದ ಬೌಲರನಿಗೆ ಬೆನ್ನು ಹಾಗೆ. ಓಡಿ ಬಂದು ಮುಂದಿನ ಪಾದವನ್ನು ನೆಲಕ್ಕೆ ಅಪ್ಪಳಿಸುವ ಕ್ಷಣದಲ್ಲಿ ದೇಹದ ತೂಕದ ಹಲವು ಮಡಿ ಆಘಾತ ಆ ಕಾಲಿನ ಮೂಲಕ ಮೇಲೇರುತ್ತದೆ. ಅದೇ ಕ್ಷಣದಲ್ಲಿ ನಡು ಹಿಂದಕ್ಕೆ ಬಾಗಿ, ಬದಿಗೆ ವಾಲಿ, ತಿರುಚಿಕೊಂಡಿರುತ್ತದೆ. ಈ ಮೂರೂ ಒಟ್ಟಾಗಿ ಸೊಂಟದ ಭಾಗದ ಕೊನೆಯ ಎರಡು ಕಶೇರುಗಳ ಹಿಂಬದಿಯ ಕಿರಿದಾದ ಎಲುಬಿನ ಮೇಲೆ ಬೀಳುತ್ತವೆ. ಬಲಗೈ ಬೌಲರನಿಗೆ ಸಾಮಾನ್ಯವಾಗಿ ಎಡಬದಿಯಲ್ಲಿ, ಎಡಗೈಯವನಿಗೆ ಬಲಬದಿಯಲ್ಲಿ ಅಲ್ಲಿ ಕೂದಲೆಳೆಯ ಬಿರುಕು ಹುಟ್ಟುತ್ತದೆ. ಭುಜಗಳು ಒಂದು ದಿಕ್ಕಿಗೆ, ಸೊಂಟ ಇನ್ನೊಂದು ದಿಕ್ಕಿಗೆ ಮುಖ ಮಾಡಿದ ಬೆರಕೆ ಶೈಲಿಯವರಲ್ಲಿ ಇದು ಹೆಚ್ಚು. ಹುಡುಗ ಆರಡಿ ಬೆಳೆದ ಮಾತ್ರಕ್ಕೆ ಆ ಎಲುಬು ಬಲಿತಿತೆಂದು ತಿಳಿಯಬಾರದು. ಅದು ಪೂರ್ಣವಾಗಿ ಗಟ್ಟಿಯಾಗುವುದು ಇಪ್ಪತ್ತು ದಾಟಿ ಕೆಲವು ವರ್ಷಗಳಾದ ಮೇಲೆ.

ಹಾಗಾದರೆ ಕಡಿಮೆ ಎಸೆದರೆ ಕ್ಷೇಮವೆಂದಾಯಿತಷ್ಟೆ ಎಂದು ಯಾರಾದರೂ ಹೇಳಿಯಾರು. ನಾನೂ ಮೊದಲು ಹಾಗೆಯೇ ಎಣಿಸಿದ್ದೆ. ಆದರೆ ಬಲ್ಲವರು ಹೇಳುವುದು ಬೇರೆ. ಅತಿಯಾಗಿ ಎಸೆಯುವುದು ಎಷ್ಟು ಕೆಡುಕೋ, ಕಡಿಮೆ ಎಸೆದು ಎಸೆದು ಇದ್ದಕ್ಕಿದ್ದಂತೆ ಹೆಚ್ಚು ಎಸೆಯುವುದೂ ಅಷ್ಟೇ ಕೆಡುಕು. ಎಲುಬೆಂಬುದು ಕಲ್ಲಲ್ಲ, ಜೀವವಿರುವ ವಸ್ತು. ಮಿತವಾದ ಹೊರೆ ಕ್ರಮವಾಗಿ ಬಿದ್ದರೆ ತನ್ನನ್ನು ತಾನೇ ದಪ್ಪವಾಗಿಸಿಕೊಳ್ಳುತ್ತದೆ. ವಾರಕ್ಕೆ ಇಪ್ಪತ್ತನಾಲ್ಕು ಚೆಂಡುಗಳಿಗೆ ಒಗ್ಗಿದ ಬೆನ್ನಿಗೆ ಒಂದೇ ದಿನ ನೂರಿಪ್ಪತ್ತು ಚೆಂಡುಗಳ ನಾಲ್ಕು ದಿನದ ಪಂದ್ಯ ಬಂದರೆ ಅದು ತಾಳಲಾರದು. ನಮ್ಮ ಹುಡುಗನ ಸಂಗತಿಯೂ ಇದೇ ಜಾತಿಯದು. ಹಗುರ ಚೆಂಡಿನ ಹನ್ನೆರಡು ಎಸೆತಗಳಿಂದ ಭಾರದ ಚೆಂಡಿನ ಮೂವತ್ತು ಎಸೆತಗಳಿಗೆ ಅವನು ಒಂದೇ ಬೆಳಗಿನಲ್ಲಿ ಹಾರಿದ್ದ. ಅಷ್ಟೇ ಅಲ್ಲ, ಎರಡೇ ಓವರು ಎಂಬ ಧೈರ್ಯದಿಂದ ಪ್ರತಿ ಚೆಂಡಿಗೂ ಸರ್ವಬಲವನ್ನೂ ಸುರಿಯುವ ಅಭ್ಯಾಸ ಬೇರೆ.

ಇಂಗ್ಲೆಂಡಿನ ಕ್ರಿಕೆಟ್ ಮಂಡಲಿ ಎಳೆಯ ವೇಗಿಗಳಿಗೆ ಬಹುಕಾಲ ಅನ್ವಯಿಸಿದ ನಿಯಮ ಹೀಗಿದೆ: ಹದಿಮೂರರೊಳಗಿನವರು ಒಂದು ಸಲಕ್ಕೆ ಐದು, ದಿನಕ್ಕೆ ಹತ್ತು ಓವರು, ಹದಿನೈದರೊಳಗಿನವರು ಆರು ಮತ್ತು ಹನ್ನೆರಡು, ಹದಿನಾರು ಹದಿನೇಳರವರು ಏಳು ಮತ್ತು ಹದಿನೆಂಟು. ಇಲ್ಲಿ ಗಮನಿಸಬೇಕಾದುದು ಮಿತಿಯನ್ನಷ್ಟೇ ಅಲ್ಲ, ಆ ಮಿತಿಯು ಮೆಟ್ಟಿಲುಮೆಟ್ಟಿಲಾಗಿ ಏರುವುದನ್ನು.

ಆಸ್ಟ್ರೇಲಿಯದ ಪ್ಯಾಟ್ ಕಮಿನ್ಸ್ ಅವರ ಕಥೆ ಕೇಳತಕ್ಕದ್ದು. 2011ರ ನವೆಂಬರಿನಲ್ಲಿ, ಹದಿನೆಂಟರ ಹರೆಯದಲ್ಲಿ, ಜೊಹಾನ್ಸ್‌ಬರ್ಗಿನಲ್ಲಿ ಮೊದಲ ಟೆಸ್ಟ್ ಆಡಿ ಎರಡನೆಯ ಇನ್ನಿಂಗ್ಸಿನಲ್ಲಿ 79 ಓಟಗಳಿಗೆ ಆರು ವಿಕೆಟ್ ಉರುಳಿಸಿದರು. ಎರಡನೆಯ ಟೆಸ್ಟ್ ಆಡಿದ್ದು 2017ರ ಮಾರ್ಚಿನಲ್ಲಿ, ನಮ್ಮ ರಾಂಚಿಯಲ್ಲಿ. ನಡುವಿನ ಐದೂಕಾಲು ವರ್ಷಗಳಲ್ಲಿ ಬೆನ್ನು ಮತ್ತೆ ಮತ್ತೆ ಬಿರಿಯಿತು. ಕೂಡಿದಾಗಲೆಲ್ಲ ಒಂದು ದಿನದ, ಇಪ್ಪತ್ತು ಓವರಿನ ಪಂದ್ಯಗಳಲ್ಲಿ ಅಷ್ಟಿಷ್ಟು ಆಡಿಸುತ್ತ ಕಾದರು. ಕಾದುದರ ಫಲ: 2021ರಲ್ಲಿ ಟೆಸ್ಟ್ ತಂಡದ ನಾಯಕ, 2023ರಲ್ಲಿ ವಿಶ್ವಕಪ್ಪು. ಅಷ್ಟು ವರ್ಷ ಕಾಯುವ ಶಕ್ತಿ ಒಂದು ಸಿರಿವಂತ ಮಂಡಲಿಗುಂಟು. ಪಂಜದ ಒಂದು ಮನೆಗುಂಟೆ?

ಕರ್ನಾಟಕದ ವೇಗಿಗಳು

ಒಂದು ಕಾಲಕ್ಕೆ ಕರ್ನಾಟಕವೆಂದರೆ ತಿರುಗುವ ಚೆಂಡೆಂದೇ ಪ್ರಸಿದ್ಧಿ. ಪ್ರಸನ್ನ, ಚಂದ್ರಶೇಖರ್ ಇವರ ಹೆಸರನ್ನರಿಯದ ಮನೆಯಿರಲಿಲ್ಲ. ಪೋಲಿಯೋದಿಂದ ಸೊರಗಿದ ಬಲಗೈಯಲ್ಲಿಯೇ ಚಂದ್ರಶೇಖರರು 242 ಟೆಸ್ಟ್ ವಿಕೆಟ್ ಗಳಿಸಿದುದು ಒಂದು ಪವಾಡ. ಅದರ ಕಥೆಗೆ ಇನ್ನೊಂದು ಲೇಖನ ಬೇಕು. ವೇಗದ ಪರಂಪರೆ ಬೇರೂರಿದುದು ಜಾವಗಲ್ ಶ್ರೀನಾಥರಿಂದ. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತ ಬೆಳೆದ ಅವರು 1989ರಲ್ಲಿ ತಮ್ಮ ಮೊದಲ ರಣಜಿ ಪಂದ್ಯದಲ್ಲಿಯೇ ಹೈದರಾಬಾದಿನ ವಿರುದ್ಧ ಹ್ಯಾಟ್ರಿಕ್ ಪಡೆದರು. 1991ರಲ್ಲಿ ಬ್ರಿಸ್ಬೇನಿನಲ್ಲಿ ಟೆಸ್ಟ್ ಪ್ರವೇಶ. 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆಯಾಯಿತು. ಇನ್ನು ಇವರ ಆಟ ಮುಗಿಯಿತೆಂದವರೂ ಉಂಟು. ಆದರೆ 1999ರಲ್ಲಿ ಕಲ್ಕತ್ತೆಯಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಪಂದ್ಯದಲ್ಲಿ ಹದಿಮೂರು ವಿಕೆಟ್ ಕಿತ್ತರು. ಒಟ್ಟು 67 ಟೆಸ್ಟುಗಳಲ್ಲಿ 236. ಒಂದು ದಿನದ ಆಟದಲ್ಲಿಯೂ 315. ದೀರ್ಘದಲ್ಲಿ ಪಳಗಿದವನಿಗೆ ಹ್ರಸ್ವವು ಕಷ್ಟವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ದಾವಣಗೆರೆಯ ವಿನಯ್ ಕುಮಾರ್ ಅವರದು ಇನ್ನೊಂದು ಮಾದರಿ. ಭಯ ಹುಟ್ಟಿಸುವ ವೇಗ ಅವರಿಗಿರಲಿಲ್ಲ. ಇದ್ದುದು ದಿನವಿಡೀ ಒಂದೇ ಗೆರೆಯಲ್ಲಿ ಎಸೆಯುವ ತಾಳ್ಮೆ. ಟೆಸ್ಟ್ ಆಡಿದುದು ಒಂದೇ. ಆದರೆ ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಐನೂರಕ್ಕೂ ಮೀರಿ ವಿಕೆಟ್ ಪಡೆದರು. ಅವರ ನಾಯಕತ್ವದಲ್ಲಿ ಕರ್ನಾಟಕ ಸತತ ಎರಡು ವರ್ಷ ರಣಜಿ ಗೆದ್ದಿತು. 2015ರ ಅಂತಿಮ ಪಂದ್ಯದಲ್ಲಿ ತಮಿಳುನಾಡಿನ ವಿರುದ್ಧ ಐದು ವಿಕೆಟ್ ಪಡೆದುದಲ್ಲದೆ ಶತಕವನ್ನೂ ಹೊಡೆದರು. ಇಂಥವರನ್ನು ನಾಲ್ಕು ಓವರಿನ ತಕ್ಕಡಿಯಲ್ಲಿ ತೂಗಿದರೆ ಹಗುರವಾಗಿಯೇ ಕಂಡಾರು.

ಎಲ್ಲಕ್ಕಿಂತ ಕೌತುಕದ ಸಂಗತಿ ಅಭಿಮನ್ಯು ಮಿಥುನ್ ಅವರದು. ಹದಿನೇಳನೆಯ ವಯಸ್ಸಿನವರೆಗೆ ಅವರು ಚರ್ಮದ ಚೆಂಡನ್ನು ಮುಟ್ಟಿರಲಿಲ್ಲ. ಚಕ್ರ ಎಸೆತ ಅವರ ಕ್ರೀಡೆ. ಬಾಲ್ಯದ ಕೋಮಲ ವರ್ಷಗಳಲ್ಲಿ ಬೆನ್ನು ಸವೆಸದೆ ಮೈ ಬಲಿಸಿಕೊಂಡು ಬಂದುದು ವರವೇ ಆಯಿತೋ ಏನೋ. 2009ರಲ್ಲಿ ಮೀರತ್ತಿನಲ್ಲಿ ಉತ್ತರ ಪ್ರದೇಶದ ವಿರುದ್ಧ ಮೊದಲ ರಣಜಿ ಪಂದ್ಯದಲ್ಲಿ ಹ್ಯಾಟ್ರಿಕ್ ಸಹಿತ ಹನ್ನೊಂದು ವಿಕೆಟ್. ಆ ಋತುವಿನಲ್ಲಿ ಒಟ್ಟು 47. ಮರುವರ್ಷ ಗಾಲೆಯಲ್ಲಿ ಟೆಸ್ಟ್. ಹತ್ತು ವರ್ಷ ರಣಜಿಯ ಭಾರ ಹೊತ್ತ ಮೇಲೆ, 2019ರಲ್ಲಿ, ಇಪ್ಪತ್ತು ಓವರಿನ ಪಂದ್ಯವೊಂದರಲ್ಲಿ ಹರಿಯಾಣದ ಐವರನ್ನು ಒಂದೇ ಓವರಿನಲ್ಲಿ ಕೆಡವಿದರು! (ಇಲ್ಲಿ ನೆನಪಾಗುವುದು: 2008ರಲ್ಲಿ ಉತ್ತರ ಪ್ರದೇಶದ ಇಬ್ಬರು ಈಟಿ ಎಸೆತದ ಹುಡುಗರನ್ನು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲರನ್ನು, ಅಮೆರಿಕನ್ನರು ಬೇಸ್‌ಬಾಲ್ ಪಿಚರರಾಗಿಸಲು ಕರೆದೊಯ್ದಿದ್ದರು. ಅವರನ್ನು ಅಲ್ಲಿ ನೆರವಿಗರಾಗಿಯೇ ಕಣಕ್ಕಿಳಿಸಿದರು.)

ಇನ್ನು ಪ್ರಸಿದ್ಧ್ ಕೃಷ್ಣ. 2015ರಲ್ಲಿ ಮೊದಲ ಪ್ರಥಮ ದರ್ಜೆ ಪಂದ್ಯದಲ್ಲಿಯೇ ಐದು ವಿಕೆಟ್ ಪಡೆದರೂ ಅವರನ್ನು ದೇಶ ಗುರುತಿಸಿದ್ದು ಐಪಿಎಲ್ ಮೂಲಕ, ನಾಲ್ಕು ಓವರುಗಳ ಮೂಲಕ. 2022ರಲ್ಲಿ ಬೆನ್ನೆಲುಬು ಬಿರಿದು, ಶಸ್ತ್ರಚಿಕಿತ್ಸೆಯಾಗಿ, ಒಂದು ವರ್ಷ ಆಟವೇ ಇಲ್ಲ. 2023ರ ಕೊನೆಯಲ್ಲಿ ಟೆಸ್ಟ್ ಪ್ರವೇಶ. ಅಲ್ಲಿ ಬೇಕಾದ ತಾಳ್ಮೆಯನ್ನು ಕಲಿಯಲು ತಿಣುಕಿದರು. 2025ರಲ್ಲಿ ಐಪಿಎಲ್ಲಿನಲ್ಲಿ ಎಲ್ಲರಿಗಿಂತ ಹೆಚ್ಚು, ಇಪ್ಪತ್ತೈದು ವಿಕೆಟ್ ಪಡೆದರು. ಅದೇ ವರ್ಷದ ಆಗಸ್ಟಿನಲ್ಲಿ, ಭಾರತ ಆರು ಓಟಗಳಿಂದ ಗೆದ್ದ ಓವಲ್ ಟೆಸ್ಟಿನಲ್ಲಿ, ಎಂಟು ವಿಕೆಟ್.

ಹ್ರಸ್ವದಿಂದ ದೀರ್ಘಕ್ಕೆ ಹೋದವರಿಲ್ಲವೆಂದು ವಾದಿಸಹೊರಟವನ ಬಾಯಿ ಮುಚ್ಚಿಸಲು ಜಸ್ಪ್ರೀತ್ ಬುಮ್ರಾ ಒಬ್ಬರೇ ಸಾಕು. 2013ರಲ್ಲಿ ಐಪಿಎಲ್ಲಿಗೆ ಬಂದ ಅವರನ್ನು ಟೆಸ್ಟಿಗೆ ಇಳಿಸಿದುದು 2018ರಲ್ಲಿ. ಅವರೂ 2023ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಗೆ ಒಳಗಾದರು. 2025ರಲ್ಲಿ ಇಂಗ್ಲೆಂಡಿನ ಐದು ಟೆಸ್ಟುಗಳಲ್ಲಿ ಮೂರನ್ನಷ್ಟೇ ಆಡಿದರು. ಅವರನ್ನು ಕಾಪಾಡಲು ವೈದ್ಯರ, ತರಬೇತುದಾರರ ದಂಡೇ ಇದೆ. ನಮ್ಮ ಊರಿನ ಹುಡುಗರಿಗೆ ಇರುವುದು ನೋವಿನ ಎಣ್ಣೆ.

"ಎರಡು ಓವರಿಗೇ ಬೆಲೆ"

ಹುಡುಗನ ಬೆನ್ನು ನೋವು ಹತ್ತು ದಿನವಾದರೂ ಇಳಿಯದಿದ್ದಾಗ ಮಂಗಳೂರಿಗೆ ಕರೆದೊಯ್ದೆವು. ವೈದ್ಯರು ಚಿತ್ರ ತೆಗೆಸಿ ನೋಡಿ, ಬಿರುಕು ಇನ್ನೂ ಬಿದ್ದಿಲ್ಲ, ಬೀಳುವ ಹಾದಿಯಲ್ಲಿದೆ, ಆರು ವಾರ ಚೆಂಡು ಮುಟ್ಟಕೂಡದು ಎಂದರು. ಮನೆಯಲ್ಲಿ ಸಭೆ ಸೇರಿತು. ತಂದೆಯಿಲ್ಲದ ಮನೆ, ಮಾತೆಲ್ಲ ಸೋದರಮಾವನದು.

"ಮಾಷ್ಟ್ರೇ, ನೀವು ಓದಿದವರು. ಆದರೆ ಈಗ ಎರಡು ಓವರು ನಾಲ್ಕು ಓವರಿಗೇ ಬೆಲೆ ಅಲ್ಲವೊ? ಡೆಲ್ಲಿಯ ಆ ಹುಡುಗ ಮಯಂಕ್ ಯಾದವ್ ನಾಲ್ಕು ಓವರು ಹಾಕಿಯೇ ಹನ್ನೊಂದು ಕೋಟಿ ಮಾಡಿದನಂತೆ. ಇವ ಐದು ದಿನದ ಆಟ ಕಲಿತು ಎಂತ ಮಾಡುವುದು?"

ಮಾವನ ಮಾತನ್ನು ಅಲ್ಲಗಳೆಯುವಂತಿರಲಿಲ್ಲ. ಮಯಂಕ್ ಯಾದವ್ 2024ರ ಐಪಿಎಲ್ಲಿನಲ್ಲಿ ಗಂಟೆಗೆ 156.7 ಕಿಲೋಮೀಟರ್ ವೇಗದಲ್ಲಿ ಎಸೆದುದೂ ನಿಜ, ಅವರ ತಂಡ ಅವರನ್ನು 11 ಕೋಟಿಗೆ ಉಳಿಸಿಕೊಂಡುದೂ ನಿಜ. ಆದರೆ ಅದಕ್ಕೆ ಮುಂಚೆ ಅವರಿಗಿದ್ದ ನಾಲ್ಕು ದಿನದ ಪಂದ್ಯಗಳ ಅನುಭವ ಅತ್ಯಲ್ಪ. ಆ ವರ್ಷವೇ ಕೆಲವು ಪಂದ್ಯಗಳಲ್ಲಿ ಮೈ ನೊಂದು ಹೊರಗುಳಿದರು. ಮುಂದಿನ ವರ್ಷ ಎರಡು ಪಂದ್ಯಗಳಾಗುವಷ್ಟರಲ್ಲಿ ಬೆನ್ನು ಮತ್ತೆ ಕೈಕೊಟ್ಟಿತು. ಇದನ್ನು ನಾನು ಹೇಳಿದೆ. ಮಾವ ಒಪ್ಪಲಿಲ್ಲ. "ಆದರೂ ಹನ್ನೊಂದು ಕೋಟಿ ಬಂತಲ್ಲ" ಎಂದರು. ಬಡತನದ ತರ್ಕಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಅಷ್ಟು ಹೊತ್ತು ಜಗಲಿಯ ಮೂಲೆಯಲ್ಲಿ ಮೆಟ್ಟುಕತ್ತಿಯ ಮುಂದೆ ಕುಳಿತು ಅಡಕೆ ಸುಲಿಯುತ್ತಿದ್ದ ತಾಯಿ ಆಗ ಬಾಯಿ ತೆರೆದರು. "ಅಡಕೆ ಸುಲಿಯಲು ಹೊಸತಾಗಿ ಬಂದ ಹುಡುಗಿಯರು ಉಂಟಲ್ಲ ಮಾಷ್ಟ್ರೇ, ಮೊದಲ ದಿನವೇ ಹಟಕ್ಕೆ ಬಿದ್ದು ಗೋಣಿ ಖಾಲಿ ಮಾಡಿದವಳು ಮರುದಿನ ಕೈ ಎತ್ತುವುದಿಲ್ಲ. ದಿನಕ್ಕೆ ಇಷ್ಟಿಷ್ಟೇ ಹೆಚ್ಚು ಮಾಡಿದವಳು ಹತ್ತು ವರ್ಷವಾದರೂ ಸುಲಿಯುತ್ತಾಳೆ. ಅಣ್ಣ, ಇವನನ್ನು ಒಂದು ವರ್ಷ ಮಾಷ್ಟ್ರು ಹೇಳಿದ ಹಾಗೆ ಬಿಡುವ."

ಒಂದು ವರ್ಷವೆಂದರೆ ರಾತ್ರಿಯ ಪಂದ್ಯಾಟಗಳಿಲ್ಲ. ಆ ಹಣವೂ ಇಲ್ಲ. ಅವನನ್ನು ನೆಚ್ಚಿದ್ದ ಊರಿನ ತಂಡದವರು ಮುನಿಸಿಕೊಂಡರು. ಕೆಲವರು ನನ್ನನ್ನು ಕಂಡರೆ ಈಗಲೂ ಮಾತನಾಡುವುದಿಲ್ಲ.

ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು ಹಾಕಿಕೊಟ್ಟ ಕ್ರಮ ಸರಳವಾಗಿತ್ತು. ಆರು ವಾರಗಳ ಬಳಿಕ ಶಾಲಾ ಮೈದಾನದಲ್ಲಿ ಚರ್ಮದ ಚೆಂಡಿನಿಂದ ಎರಡು ಓವರು, ಮುಕ್ಕಾಲು ಬಲದಲ್ಲಿ, ದಿನ ಬಿಟ್ಟು ದಿನ. ಎರಡು ವಾರಕ್ಕೊಮ್ಮೆ ಒಂದು ಓವರು ಸೇರಿಸುವುದು. ನಾಲ್ಕಾದ ಮೇಲೆ ಅರ್ಧ ಗಂಟೆ ಕೂತು ಮತ್ತೆ ಎರಡು. ಏಕೆಂದರೆ ತಣ್ಣಗಾದ ಮೈಯನ್ನು ಮತ್ತೆ ಎಬ್ಬಿಸಿ ಎಸೆಯುವ ಎರಡನೆಯ ಸರದಿಯೇ ನಿಜವಾದ ಬೌಲರನ ಪರೀಕ್ಷೆ. ಹೊಸ ಚೆಂಡಿನ ಹೊಳಪು ಹೋದ ಮೇಲೆ, ದಾಂಡಿಗನ ಕಣ್ಣು ನೆಟ್ಟ ಮೇಲೆ, ಕೈಯಲ್ಲಿ ವೇಗ ತುಸು ಇಳಿದ ಮೇಲೆ ಏನು ಮಾಡಬೇಕೆಂಬುದನ್ನು ಎರಡು ಓವರಿನ ಆಟ ಎಂದಿಗೂ ಕಲಿಸದು. ನಾಲ್ಕು ಓವರಿನ ಸಂತೆಗೆ ಮುಂದೊಂದು ದಿನ ಹೋಗುವುದಿದ್ದರೂ ಈ ಸರಕನ್ನು ಕಟ್ಟಿಕೊಂಡೇ ಹೋಗಲಿ ಎಂಬುದು ಅವರ ಮತ, ನನ್ನದೂ ಅದೇ. ಹದಿನಾರರಲ್ಲಿಯೇ ಒಬ್ಬ ಹುಡುಗನ ಹೆಸರಿನ ಮುಂದೆ ಎರಡು ಓವರೆಂದು ಬರೆದು ಗೆರೆ ಎಳೆಯುವ ಅಧಿಕಾರ ಯಾರಿಗೂ ಇರಬಾರದೆಂದೇ ನನಗೆ ತೋರುತ್ತದೆ.

ಎಸೆದ ಚೆಂಡುಗಳ ಲೆಕ್ಕವನ್ನು ಹುಡುಗ ದಿನಸಿ ಅಂಗಡಿಯ ಉದ್ದನೆಯ ಪುಸ್ತಕವೊಂದರಲ್ಲಿ ಬರೆಯತೊಡಗಿದ. 12, 12, 12, 18. ಪತ್ತನಾಜೆ ಬಂದು ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ 30ಕ್ಕೆ ಬಂದಿದ್ದ. ಮಳೆ ಹಿಡಿಯಿತು. ಜೂನ್ ಜುಲೈಯಲ್ಲಿ ನಮ್ಮ ಕಡೆ ಮೈದಾನವೆಂಬುದೇ ಕೆರೆ. ಶಾಲೆಯ ಉದ್ದನೆಯ ಜಗಲಿಯಲ್ಲಿ ನಾಲ್ಕು ಹೆಜ್ಜೆ ಓಡಿ ಕೈ ತಿರುಗಿಸುವುದು, ನಡುವಿಗೆ ಬಲ ಬರುವ ವ್ಯಾಯಾಮ, ಇಷ್ಟೇ. ತರಗತಿಯಲ್ಲಿ ತೂಕಡಿಕೆ ನಿಂತಿತು. ಸಮಾಸ ಮಾತ್ರ ಇನ್ನೂ ಬರುವುದಿಲ್ಲ.

ದೀಪಾವಳಿಯ ಬಳಿಕ ಮಂಗಳೂರಿನ ಕಡೆ ಎರಡು ದಿನದ ಒಂದು ಪಂದ್ಯಕ್ಕೆ ಅವನನ್ನು ಆಡಿಸಿದರು. ನಾನೂ ರಜೆ ಹಾಕಿ ಹೋದೆ. ಬೆಳಗ್ಗೆ ಐದು ಓವರು, ವಿಕೆಟ್ ಇಲ್ಲ. ಊಟದ ಬಳಿಕ ನಾಲ್ಕು, ಆಗಲೂ ಇಲ್ಲ; ಎರಡು ಕ್ಯಾಚುಗಳನ್ನು ಬಿಟ್ಟರು. ಬಿಸಿಲು ಇಳಿದ ಮೇಲೆ ನಾಯಕ ಮತ್ತೆ ಅವನ ಕಡೆ ಚೆಂಡು ಎಸೆದ. ಕೆಂಪೆಲ್ಲ ಹೋಗಿ ಹಳೆಯ ಚೆಪ್ಪಲಿನ ಬಣ್ಣಕ್ಕೆ ತಿರುಗಿದ್ದ ಚೆಂಡು. ಆ ಸರದಿಯ ಎರಡನೆಯ ಓವರಿನಲ್ಲಿ, ವೇಗವನ್ನು ತುಸು ಕಡಿಮೆ ಮಾಡಿ ಹೊರಗೆ ಸರಿಯುವಂತೆ ಎಸೆದ. ಅರುವತ್ತು ದಾಟಿದ್ದ ದಾಂಡಿಗ ಬ್ಯಾಟು ಚಾಚಿದ. ಸ್ಲಿಪ್ಪಿನ ಹುಡುಗ ಈ ಸಲ ಬಿಡಲಿಲ್ಲ. ಮತ್ತೂ ಎರಡು ಓವರು ಎಸೆದು ಟೊಪ್ಪಿ ಹಾಕಿಕೊಂಡು ಗೆರೆಯ ಬಳಿ ಹೋಗಿ ನಿಂತ.

ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಬದಿ ಕುಳಿತು ಚೀಲದಿಂದ ಉದ್ದನೆಯ ಪುಸ್ತಕ ತೆಗೆದು 78 ಎಂದು ಬರೆದ. ಅಷ್ಟರಲ್ಲಿ ಮನೆಯಿಂದ ಫೋನು ಬಂತು. ವಿಕೆಟ್ಟಿನ ವಿಷಯ ಅತ್ತಲಿಂದ ಕೇಳಿದಂತೆ ಕಾಣಲಿಲ್ಲ. "ಇಲ್ಲಮ್ಮ, ನೋವಿಲ್ಲ. ಬಗ್ಗಿ ಶೂ ಬಿಚ್ಚಿದೆ" ಎಂದ. ಬಸ್ಸು ಪುತ್ತೂರು ದಾಟುವಷ್ಟರಲ್ಲಿ ಪುಸ್ತಕ ಮಡಿಲಲ್ಲಿಯೇ ಇತ್ತು, ಅವನಿಗೆ ನಿದ್ದೆ ಹತ್ತಿತ್ತು.